ಮಿಲ್ಲಿನ ಸುಳ್ಳು ಕೂಗು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಳೆನರಸೀಪುರದ ಅಕ್ಕಿ ಮಿಲ್ಲಿನ ಹೊಗೆ ಕೊಳವೆಗೆ ಆ ಬುಧವಾರ ಬೆಳಿಗ್ಗೆ ತಗಡಿನ ಮುಚ್ಚಳ ಹಾಕಿದವನು ನಾನು. ಮಿಲ್ಲಿನ ಚಿಕ್ಕಣ್ಣ ಅಲ್ಲ. ಒಂದು ಮುಚ್ಚಳ ಹಾಕುವುದು ಅಂಥ ಪಾಪವೇ ಎಂದು ನಗಬೇಡಿ. ನಾನೂ ನಗುತ್ತಲೇ ಹಾಕಿದೆ. ನಗುವುದಕ್ಕೆ ಆಗ ನನಗೆ ಕಾರಣವೇ ಬೇಕಿರಲಿಲ್ಲ. ಇಪ್ಪತ್ತು ವರ್ಷ, ಎರಡು ಜೊತೆ ಬಟ್ಟೆ, ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಹಾಗೆಯೇ ವಾಪಸ್ಸು ಒಪ್ಪಿಸುವ ಒಂದು ಗಂಟಲು, ಇಷ್ಟೇ ನನ್ನ ಆಸ್ತಿ.

ಹೋದ ತಿಂಗಳು ಹಾಸನದಿಂದ ಮೈಸೂರಿಗೆ ರೈಲಿನಲ್ಲಿ ಹೊರಟಿದ್ದೆ. ಹೊಳೆನರಸೀಪುರದಲ್ಲಿ ಗಾಡಿ ನಿಂತಾಗ ಕಿಟಕಿಯಲ್ಲಿ ಬಿಸಿ ತವುಡಿನ ವಾಸನೆ ನುಗ್ಗಿತು. ಎದುರಿಗೆ ಕೂತಿದ್ದ ಮುದುಕರು ಕಣ್ಣು ಮುಚ್ಚಿ, "ಆಹಾ, ಹೊಸ ಅಕ್ಕಿ" ಎಂದರು. ನನಗೆ ಮಾತ್ರ ಅಂಗೈ ಉರಿಯಿತು. ಗಾರ್ಡು ಸಿಳ್ಳೆ ಊದುವಷ್ಟರಲ್ಲಿ ಚೀಲ ಹಿಡಿದು ಇಳಿದುಬಿಟ್ಟೆ. ಟಿಕೀಟು ಮೈಸೂರಿಗಿತ್ತು, ಕಾಲು ಮಿಲ್ಲಿಗೆ ಹೋಯಿತು. ಅಲ್ಲಿ ಏನಾಯಿತು ಎನ್ನುವುದು ಕೊನೆಗೆ. ಅದಕ್ಕೆ ಮೊದಲು ಆ ಸುಗ್ಗಿಯ ಸಂಗತಿ ಹೇಳಬೇಕು.

ಯುದ್ಧದ ಕಾಲ. ನಮ್ಮ ನಾಟಕ ಕಂಪನಿ ಸಂಕ್ರಾಂತಿ ಮುಗಿಸಿಕೊಂಡು ಹಾಸನದಲ್ಲಿ ತಗಡಿನ ಥೇಟರು ಎಬ್ಬಿಸಿತ್ತು. ನಾನು ಆ ಕಂಪನಿಯ ಪರದೆ ಹಿಂದಿನ ಗಂಟಲು. ಕುದುರೆ ಓಡಬೇಕಾದರೆ ನಾನು, ಕೋಳಿ ಕೂಗಬೇಕಾದರೆ ನಾನು, ರಾಜಕುಮಾರಿ ಬಾವಿಗೆ ಹಾರಿದರೆ 'ದುಡುಂ' ಅನ್ನುವುದೂ ನಾನು. ಆ ವರ್ಷ ನಮ್ಮ ಮಾಲೀಕರಿಗೆ ಹೊಸ ಕಾಲದ ನಾಟಕ ಆಡುವ ಹುಚ್ಚು ಹಿಡಿಯಿತು. ನಾಯಕ ಮಿಲ್ಲಿನ ಕೂಲಿ. ಕೊನೆಯ ಅಂಕದಲ್ಲಿ ಯಂತ್ರಕ್ಕೆ ಸಿಕ್ಕಿ ಸಾಯಬೇಕು. ಅವನು ಸಾಯುವಾಗ ನಾನು ಯಂತ್ರವಾಗಬೇಕು. ಮೊದಲ ಆಟದಲ್ಲಿ ನಾಯಕ 'ಅಮ್ಮಾ' ಎಂದು ಬಿದ್ದ. ನಾನು 'ಡುಗುಡುಗುಡುಗು' ಎಂದೆ, ಉಸಿರು ಸಾಲದೆ ನಡುವೆ ಒಂದು ಸಲ ಕೆಮ್ಮಿದೆ. ನೆಲದಲ್ಲಿ ಕೂತಿದ್ದವನೊಬ್ಬ, "ಲೇ, ಮಿಲ್ಲಿಗೆ ನೆಗಡಿ ಆಗೈತೆ ಕಣ್ರಲಾ!" ಎಂದು ಕೂಗಿದ. ಥೇಟರಿಗೆ ಥೇಟರೇ ನಕ್ಕಿತು. ಸತ್ತುಬಿದ್ದ ನಾಯಕನ ಹೊಟ್ಟೆಯೂ ಕುಲುಕುತ್ತಿತ್ತು.

ಮಾಲೀಕರು ನಗಲಿಲ್ಲ. ಮೈಸೂರಿಗೆ ಕಾಗದ ಬರೆದು, ಸದ್ದು ಹಿಡಿದಿಡುವ ರಾಯರನ್ನು ಕರೆಸಿದರು.

ರಾಯರು ಸಣಕಲು ಮನುಷ್ಯ. ಮಾತು ಕಡಿಮೆ. ಅವರ ಜೊತೆ ಒಂದು ಭಾರಿ ಮರದ ಪೆಟ್ಟಿಗೆ, ಎರಡು ಬ್ಯಾಟರಿ, ಬಟ್ಟೆ ಸುತ್ತಿದ ಒಂದು ಮೈಕು. ಪೆಟ್ಟಿಗೆಯೊಳಗೆ ಕರಿ ತಟ್ಟೆಯೊಂದು ತಿರುಗುತ್ತದೆ, ಅದರ ಮೇಲೆ ಸೂಜಿ ಗೀರುತ್ತ ಹೋಗುತ್ತದೆ, ಕರಿ ನೂಲಿನಂಥ ಸಿಪ್ಪೆ ಏಳುತ್ತದೆ. ಎದುರಿಗೆ ಆದ ಸದ್ದೆಲ್ಲ ಆ ಗೀರಿನಲ್ಲಿ ಕೂತುಬಿಡುತ್ತದೆ. ಒಮ್ಮೆ ಗೀರಿದ್ದನ್ನು ಅಳಿಸುವ ಹಾಗಿಲ್ಲ. "ಯುದ್ಧ ನೋಡಿ, ತಟ್ಟೆ ಸಿಗೋದಿಲ್ಲ. ಐದೇ ಇವೆ. ಎಲ್ಲಿ ಗಟ್ಟಿ ಸದ್ದಿನ ಯಂತ್ರ ಇದೆ, ತೋರಿಸಿ" ಎಂದರು. ಜಿಲ್ಲೆಯ ಯಂತ್ರಗಳನ್ನೆಲ್ಲ ಬಲ್ಲವನು ಕಂಪನಿಯಲ್ಲಿ ನಾನೊಬ್ಬನೇ. ಹೀಗೆ ನನ್ನ ಗಂಟಲಿಗೆ ಗುಂಡಿ ತೋಡುವುದಕ್ಕೆ ನನ್ನ ಹೆಗಲಿಗೇ ಹಾರೆ ಕೊಟ್ಟು ಕಳಿಸಿದರು.

ಮೊದಲು ಹಾಸನದ ರೈಲು ಸ್ಟೇಷನ್ನಿಗೆ ಹೋದೆವು. ಅಲ್ಲಿಯ ಮಾಸ್ತರು ಮೈಕು ನೋಡಿದ ಕೂಡಲೇ ಟೋಪಿ ಹಾಕಿಕೊಂಡರು. "ಯುದ್ಧಕಾಲ ಕಣ್ರೀ! ನಮ್ಮ ಇಂಜಿನ್ ಸದ್ದು ಶತ್ರು ಕೈಗೆ ಸಿಕ್ಕಿದರೆ ಗತಿ ಏನು?"

"ಅವನೂ ಒಂಚೂರು ನಗಲಿ ಬಿಡಿ ಸಾರ್" ಎಂದೆ. ಇಬ್ಬರನ್ನೂ ಹೊರಗೆ ಹಾಕಿಸಿದರು. ಹೊರಗೆ ನಿಂತು ನಾನು ಮಾಸ್ತರ ದನಿಯಲ್ಲೇ ಆ ಮಾತನ್ನು ಇನ್ನೊಮ್ಮೆ ಹೇಳಿದೆ. ಕುದುರೆ ಗಾಡಿಯವರು ನಕ್ಕರು. ರಾಯರು ನಗಲಿಲ್ಲ.

ಚನ್ನರಾಯಪಟ್ಟಣಕ್ಕೆ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಹೋದೆವು. ಆ ಬಸ್ಸೇ ಒಂದು ಯಂತ್ರಶಾಲೆಯ ಹಾಗೆ ಅರಚುತ್ತಿತ್ತು. ಅಲ್ಲಿ ಕೊಬ್ಬರಿ ಎಣ್ಣೆ ತೆಗೆಯುವ ಮಿಲ್ಲು. ಸದ್ದು ಚೆನ್ನಾಗಿತ್ತು. ಆದರೆ ಸೂಜಿ ಇಳಿದ ಮರುಗಳಿಗೆಯೇ ಮಿಲ್ಲಿನ ಯಜಮಾನರು ಮೈಕಿನ ಮುಂದೆ ಬಂದು ತಮ್ಮ ಹೆಸರು, ತಮ್ಮ ತಂದೆಯ ಹೆಸರು, ಎಣ್ಣೆಯ ಗುಣ ಎಲ್ಲ ಹೇಳಿ, "ಬರೀ ಮಿಲ್ಲಿನ ಸದ್ದು ಇಟ್ಕಂಡು ಏನ್ ಮಾಡ್ತೀರಿ? ನಂದೂ ಇರ್ಲಿ" ಎಂದರು. ಒಂದು ತಟ್ಟೆ ಹೋಯಿತು.

ಅರಕಲಗೂಡಿನ ದಾರಿಯಲ್ಲಿ ರಸ್ತೆಗೆ ಜಲ್ಲಿ ಹಾಕಿ ಉರುಳೆ ಇಂಜಿನ್ ಓಡಿಸುತ್ತಿದ್ದರು. ಅರ್ಧ ಮೈಲಿಯಿಂದಲೇ ನೆಲ ನಡುಗುತ್ತಿತ್ತು. ರಾಯರ ಮುಖ ಅರಳಿತು. ನಾವು ಹತ್ತಿರ ಹೋದೆವು, ಇಂಜಿನ್ ನಿಂತಿತು. ಡ್ರೈವರು ಇಳಿದು ಕೈಮುಗಿದ. "ಓಡಿಸಪ್ಪ" ಎಂದರು ರಾಯರು. "ತಾವು ಒರಡಿ ಸಾ, ಆಮೇಕೆ ಓಡಿಸ್ತೀನಿ. ದೊಡ್ಡೋರ ಮುಂದೆ ಗದ್ದಲ ಮಾಡಕಾಯ್ತದಾ?" ಎಂದ. ನಮ್ಮ ಕಡೆಯ ಮರ್ಯಾದೆಯೇ ಅದು. ದೊಡ್ಡವರು ಬಂದರೆ ಯಂತ್ರ ನಿಲ್ಲಬೇಕು. ಬೇಡಿಕೊಂಡ ಮೇಲೆ ಓಡಿಸಿದ, ಸೂಜಿ ಇಳಿಯಿತು. ರಾಯರು 'ಚೆನ್ನಾಗಿದೆ' ಎನ್ನುವುದಕ್ಕೆ ಕೈ ಎತ್ತಿದರು, ಅವನು ನಿಲ್ಲಿಸಿದ. ಇನ್ನೊಂದು ತಟ್ಟೆ ಹಾಕಿದೆವು. ಒಂದು ನಿಮಿಷ ಓಡಿಸಿ, ಸದ್ದಿಗಿಂತ ಮೇಲಿನ ಗಂಟಲಲ್ಲಿ, "ಸಾಕಾ ಸಾ?" ಎಂದು ಕೇಳಿದ. ಅಲ್ಲೇ ಎರಡು ತಟ್ಟೆ ಹೋದವು.

ಉಳಿದವು ಎರಡು. ಮಂಗಳವಾರ ಸಂಜೆ ಹೊಳೆನರಸೀಪುರಕ್ಕೆ ಬಂದು ಛತ್ರದಲ್ಲಿ ಇಳಿದೆವು.

ಹೊಳೆಯ ಹತ್ತಿರದ ಆ ಅಕ್ಕಿ ಮಿಲ್ಲು ಮರಿಬಸಪ್ಪನವರದು. ನಾಟಕದ ಹುಚ್ಚಿನವರು, ಕೂಡಲೇ ಒಪ್ಪಿದರು. ಒಂದೇ ಮಾತು ಹೇಳಿದರು. "ಡ್ರಮ್ಮಿನ ತಳದಲ್ಲಿ ಒಂಚೂರು ಕ್ರೂಡಾಯಿಲ್ ಐತೆ. ಅರ್ಧ ಗಂಟೆ ಖಾಲಿ ಓಡಿಸ್ಕಳ್ಳಿ. ಆದರೆ ಕೂಗು ಹಾಕಿಸಬೇಡಿ. ಎಣ್ಣೆ ಇಲ್ಲ, ಪರ್ಮಿಟ್ ಬಂದಿಲ್ಲ, ಭತ್ತ ಹೊತ್ಕೊಂಡು ಜನ ಬಂದರೆ ನಾನು ಎಲ್ಲಿಗೆ ಹೋಗಲಿ?"

ಕೂಗು ಎಂದರೆ ಇದು. ಮಿಲ್ಲಿನ ಹೊಗೆ ಕೊಳವೆ ಚಾವಣಿಯಿಂದ ಎರಡಾಳು ಎತ್ತರ ನಿಂತಿತ್ತು. ಅದರ ಬಾಯಿಗೆ ಕೊಳವೆಗೆ ತಕ್ಕ ತಗಡಿನ ಮುಚ್ಚಳವೊಂದನ್ನು ಸಿಕ್ಕಿಸಿದರೆ, ಡುಗುಡುಗು ಎನ್ನುವ ಇಂಜಿನ್ನು ಕೂಕ್, ಕೂಕ್, ಕೂಕ್ ಎಂದು ಕೂಗತೊಡಗುತ್ತದೆ. ಆ ಕೂಗು ಹೊಳೆ ದಾಟಿ ಮೂರು ಮೈಲಿ ಹೋಗುತ್ತದೆ. ಆಗ ಎಣ್ಣೆ ಬಂದ ದಿನವೇ ಮಿಲ್ಲು, ಇಲ್ಲದ ದಿನ ಬೀಗ. ಯಾವ ದಿನ ಎಂದು ಮುಂಚೆ ಯಾರಿಗೂ ತಿಳಿಯದು. ಹಳ್ಳಿಯವರು ಕೂಗು ಕೇಳುತ್ತಲೇ ಮೂಟೆ ತಲೆಗೇರಿಸಿ ಹೊರಡುವರು. ಮಿಲ್ಲು ಕೂಗಿತೆಂದರೆ ಭತ್ತ ಅಕ್ಕಿಯಾಗುತ್ತದೆ, ಅದರಲ್ಲಿ ಎರಡು ಮಾತಿಲ್ಲ.

ಆ ಮುಚ್ಚಳದ ಒಡೆಯ ಇಂಜಿನ್ ಡ್ರೈವರ್ ಚಿಕ್ಕಣ್ಣ. ಐವತ್ತರ ಮೇಲಿನ ವಯಸ್ಸು, ಎಣ್ಣೆಯಲ್ಲಿ ಅದ್ದಿ ತೆಗೆದಂಥ ಅಂಗಿ, ಕಿವಿಯ ಮೇಲೆ ಮೋಟು ಬೀಡಿ. ಬುಧವಾರ ಬೆಳಿಗ್ಗೆ ನಾವು ಹೋದಾಗ ಊದು ದೀಪದಲ್ಲಿ ಇಂಜಿನ್ನಿನ ತಲೆ ಕಾಯಿಸುತ್ತಿದ್ದ. ಕೆಂಪಗಾದ ಮೇಲೆ ಗಾಲಿಗೆ ಮೈಕೊಟ್ಟು ಒಂದೇ ಸಲ ಜಗ್ಗಿದ, ಇಂಜಿನ್ ಎದ್ದಿತು. ಅನಂತರ ಅವನು ಮಾಡಿದ್ದು ನಾನು ಎಲ್ಲಿಯೂ ಕಾಣದ ಕೆಲಸ. ಹುಣಿಸೆ ಬರಲೊಂದರ ಒಂದು ತುದಿಯನ್ನು ಇಂಜಿನ್ನಿನ ಮೈಗೆ ಒತ್ತಿ, ಇನ್ನೊಂದನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಣ್ಣು ಕಿರಿದು ಮಾಡಿ ಸುಮ್ಮನೆ ನಿಂತ. ಆಮೇಲೆ ತಿರುಪೊಂದನ್ನು ಅರ್ಧ ಸುತ್ತು ಬಿಗಿ ಮಾಡಿದ.

ನನ್ನಂಥವನಿಗೆ ಇಷ್ಟು ಸಿಕ್ಕಿದರೆ ಸಾಕು. ನಾನೂ ಒಂದು ಕಡ್ಡಿ ಹಲ್ಲಿಗೆ ಕಚ್ಚಿ, ತೂಕದವನ ಡೊಳ್ಳುಹೊಟ್ಟೆಗೆ ಇನ್ನೊಂದು ತುದಿ ಒತ್ತಿ, ಕಣ್ಣು ಕಿರಿದು ಮಾಡಿದೆ. ಕೂಲಿಗಳು ಬಿದ್ದುಬಿದ್ದು ನಕ್ಕರು. ಚಿಕ್ಕಣ್ಣ ತಿರುಗಲೇ ಇಲ್ಲ. ಅನುಮಾನ ಬಂತು. ಇಂಜಿನ್ ನಿಂತ ಮೇಲೆ ಅವನ ಬೆನ್ನ ಹಿಂದೆ ನಿಂತು ಮರಿಬಸಪ್ಪನವರ ದನಿಯಲ್ಲಿ, "ಚಿಕ್ಕಣ್ಣಾ!" ಎಂದೆ. ಕೂಲಿಗಳು ಬೆಚ್ಚಿ ಎದ್ದರು. ಅವನು ಬೆಲ್ಟು ಒರೆಸುತ್ತಲೇ ಇದ್ದ. ಮುಂದೆ ಹೋಗಿ, ದನಿ ತೆಗೆಯದೆ ಬರೀ ತುಟಿಯಲ್ಲಿ, 'ಊಟ ಆಯ್ತಾ ಚಿಕ್ಕಣ್ಣ?' ಎಂದೆ.

"ಆಯ್ತು ಕಣಪ್ಪ, ನಿಮ್ದು?" ಎಂದ.

ನಾನು ಗೊಳ್ಳನೆ ನಕ್ಕೆ. ಅವನು ನನ್ನ ಬಾಯನ್ನೇ ನೋಡಿದ. ಅವನ ಮುಖದ ಬಣ್ಣ ಇಳಿಯಿತು. ನನ್ನ ತೋಳು ಹಿಡಿದು ತವುಡಿನ ರಾಶಿಯ ಹಿಂದಕ್ಕೆ ಕರೆದುಕೊಂಡು ಹೋದ.

"ಯಜಮಾನ್ರಿಗೆ ಗೊತ್ತಿಲ್ಲ" ಎಂದ. "ಈ ಇಂಜಿನ್ ಪಕ್ಕ ಹದಿನೆಂಟು ವರ್ಸ ನಿಂತೀನಿ. ಕಿವಿ ಅದೇ ತಿಂದ್ಕಂತು. ಹಲ್ಲಿಗೆ ಕೇಳ್ತದೆ, ಕೈಗೆ ಕೇಳ್ತದೆ, ಇಂಜಿನ್ನಿಗೆ ಅಷ್ಟು ಸಾಕು. ಆದ್ರೆ ಕಿವುಡ್ನ ಕೈಗೆ ಇಂಜಿನ್ ಯಾರ್ ಕೊಟ್ಟಾರು? ಬಿಡಿಸ್ತಾರೆ. ನೀನು ಆಟ ಆಡೋ ಉಡ್ಗ, ಎಲ್ಲೂ ಬಾಯಿ ಬಿಡಬ್ಯಾಡ ಕಣಪ್ಪ."

ಅವನ ಅಂಗೈ ಮೇಲೆ ಕೈ ಹಾಕಿ ಭಾಷೆ ಕೊಟ್ಟೆ. ಭಾಷೆ ಕೊಡುವ ನಾಟಕದ ನಾಯಕ ಹೇಗೆ ಎದೆ ಸೆಟೆಸುತ್ತಾನೋ ಹಾಗೆ ಸೆಟೆಸಿಯೇ ಕೊಟ್ಟೆ.

ಒಂಬತ್ತು ಗಂಟೆಗೆ ಮಂಜು ಹರಿದು ಬಿಸಿಲು ಬಿತ್ತು. ಭತ್ತ ಬಿಡುವ ಕೆಲಸವಿಲ್ಲದ್ದರಿಂದ ಕೂಲಿಗಳು ಆಗಲೇ ಮನೆಗೆ ಹೋಗಿದ್ದರು. ರಾಯರು ಕಿವಿಗೆ ತಗಡಿನ ಬಟ್ಟಲುಗಳನ್ನು ಹಾಕಿಕೊಂಡು ಮೊದಲ ತಟ್ಟೆ ಗೀರಿದರು. ಚಿಕ್ಕಣ್ಣ ಇಂಜಿನ್ ಓಡಿಸಿದ. ರಾಯರು ಮುಖ ಹುಳ್ಳಗೆ ಮಾಡಿದರು. "ಡುಗುಡುಗು ಅಷ್ಟೇ. ಇದನ್ನು ಥೇಟರಿನಲ್ಲಿ ಹಾಕಿದರೆ ಹೊಟ್ಟೆ ಕೆಟ್ಟವನ ಸದ್ದು ಅನ್ನುತ್ತಾರೆ. ಎದೆಗೆ ನಾಟುವಂಥದ್ದು ಬೇಕು."

ಒಂದೇ ತಟ್ಟೆ ಉಳಿಯಿತು. ನಾನು ಚಿಕ್ಕಣ್ಣನಿಗೆ ಮುಚ್ಚಳ ತೋರಿಸಿದೆ. ಗೋಡೆಯ ಮೊಳೆಗೆ ನೇತುಹಾಕಿತ್ತು. ಅವನು ತಲೆ ಅಲ್ಲಾಡಿಸಿದ. "ಅದು ಸದ್ದಲ್ಲಪ್ಪ, ಮಾತು. ಹದಿನೆಂಟು ವರ್ಸದಲ್ಲಿ ಒಂದಿನ ಸುಳ್ಳು ಕೂಗಿಲ್ಲ ಇದು."

"ಎರಡೇ ನಿಮಿಷ, ಚಿಕ್ಕಣ್ಣ."

"ಎರಡು ನಿಮಿಸಕ್ಕೇ ಒರಟುಬುಡ್ತಾರೆ."

ಅವನು ಒಳಗೆ ಹೋಗಿ ಮತ್ತೆ ಇಂಜಿನ್ ಎಬ್ಬಿಸಿದ. ರಾಯರು ತಟ್ಟೆ ಹಾಕಿ ಕಾದು ಕೂತರು. ಅವರಿಗೆ ಈ ಕೂಗಿನ ಅರ್ಥ ಗೊತ್ತಿರಲಿಲ್ಲ, ನಾನು ಹೇಳಿರಲೂ ಇಲ್ಲ. ಆಗ ನನ್ನ ತಲೆಯಲ್ಲಿ ಏನಿತ್ತು ಎಂದು ಕೇಳಿದರೆ ಇವತ್ತಿಗೂ ನೆಟ್ಟಗೆ ಉತ್ತರ ಬಾರದು. ಮಿಲ್ಲಿಗೆ ನೆಗಡಿ ಎಂದವನ ಬಾಯಿ ಮುಚ್ಚಿಸಬೇಕು ಎಂಬುದೊಂದು ಇತ್ತು. ಆದರೆ ನನ್ನನ್ನು ಏಣಿ ಹತ್ತಿಸಿದ್ದು ಅದಲ್ಲ. ಹಾಕಿದರೂ ಈ ಮನುಷ್ಯನಿಗೆ ಕೇಳಿಸುವುದಿಲ್ಲ ಎನ್ನುವ ಖುಷಿ. ಭಾಷೆ ಕೊಟ್ಟ ಕೈ ಇನ್ನೂ ಬಿಸಿ ಇತ್ತು. ಆ ಕೈಯಲ್ಲೇ ಮುಚ್ಚಳ ತೆಗೆದುಕೊಂಡೆ, ಏಣಿ ಹತ್ತಿದೆ, ಚಾವಣಿಯ ಮೇಲೆ ಇಟ್ಟಿದ್ದ ಬಿದಿರು ಗಳುವಿನ ಕೊಕ್ಕೆಗೆ ಸಿಕ್ಕಿಸಿ ಕೊಳವೆಯ ಬಾಯಿಗೆ ಕೂರಿಸಿದೆ.

ಕೂಕ್! ಕೂಕ್! ಕೂಕ್!

ಕಾಗೆಗಳು ಹಾರಿದವು. ರಾಯರು ಎರಡು ಕೈಯಲ್ಲೂ ಕಿವಿಯ ಬಟ್ಟಲು ಒತ್ತಿಕೊಂಡು ಮಗುವಿನ ಹಾಗೆ ನಕ್ಕರು. ನಾಲ್ಕು ದಿನದಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಒಳಗೆ ಚಿಕ್ಕಣ್ಣ ಹುಣಿಸೆ ಕಡ್ಡಿ ಕಚ್ಚಿಕೊಂಡು ನೆಮ್ಮದಿಯಿಂದ ನಿಂತಿದ್ದ. ಇಂಜಿನ್ನಿನ ಮೈ ಅದೇ ಇತ್ತು, ಬಾಯಿ ಮಾತ್ರ ಬೇರೆಯಾಗಿತ್ತು. ಅವನ ಹಲ್ಲಿಗೆ ಮೈ ಮಾತ್ರ ಗೊತ್ತು. ನಾನು ಚಾವಣಿಯ ಮೇಲೆ ನಿಂತು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ತಟ್ಟೆ ತುಂಬಿತು. ಕೆಳಗಿಳಿದೆ. ಬಿಸಿ ಮುಚ್ಚಳ ತೆಗೆಯುವುದು ಆಮೇಲಾಯಿತು ಎಂದು ಬಿಟ್ಟೆ. ಇಂಜಿನ್ ಇನ್ನೂ ಓಡುತ್ತಿತ್ತು, ಇನ್ನೂ ಕೂಗುತ್ತಿತ್ತು. ಎಣ್ಣೆ ಮುಗಿಯುವವರೆಗೂ ಕೂಗಿತು.

ರಾಯರು ಪೆಟ್ಟಿಗೆ ಕಟ್ಟಿ, ಪಕ್ಕದ ಹೋಟೆಲಿನಲ್ಲಿ ನಾವು ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಹೊಳೆಯ ದಾರಿಯಲ್ಲಿ ಮೊದಲನೆಯ ಮೂಟೆ ಕಂಡಿತು. ಅದರ ಹಿಂದೆ ಇನ್ನೊಂದು. ಆಮೇಲೆ ಸಾಲು. ಒದ್ದೆ ಸೀರೆಯ ಹೆಂಗಸರು, ಪಂಚೆ ಮೇಲೆ ಕಟ್ಟಿದ ಗಂಡಸರು, ಒಂದು ಎತ್ತಿನ ಗಾಡಿ. ಮಿಲ್ಲಿನ ಅಂಗಳ ತುಂಬಿತು. ನಾನು ಲೋಟ ಕೆಳಗಿಟ್ಟು ಓಡಿದೆ. ಓಡಿ ಏನು ಮಾಡಬೇಕೆಂದಿದ್ದೆನೋ ತಿಳಿಯದು, ಮಾಡಿದ್ದಂತೂ ಗೋಡೆಗೆ ಒರಗಿ ನಿಂತದ್ದು.

ಚಿಕ್ಕಣ್ಣ ಎಣ್ಣೆ ಬಟ್ಟೆಯಲ್ಲಿ ಕೈ ಒರೆಸಿಕೊಂಡು ಹೊರಗೆ ಬಂದ. ಜನ ಕಂಡು ಬೆರಗಾದ. "ಯಾಕ್ರವ್ವಾ ಬಂದ್ರಿ?"

ಮೊದಲನೆಯ ಮೂಟೆ ದ್ಯಾವಮ್ಮನದು. ಹೊಳೆಯಾಚೆ ಹಳ್ಳಿಯ ಮುದುಕಿ, ಬಲಗೈಗೆ ಉಳುಕಿನ ಪಟ್ಟಿ ಕಟ್ಟಿತ್ತು. "ಯಾಕ್ ಬಂದ್ರಿ ಅಂತ ಕೇಳ್ತಾನಲ್ಲಾ! ನೀನೇ ಕೂಗ್ಸಿದ್ದಲ್ವಾ? ಮಗಳು ಬಾಣಂತಿ ಕಣಪ್ಪ, ಮೂರು ದಿನದಿಂದ ಸಾಲ ತಂದ ಅಕ್ಕೀಲಿ ಗಂಜಿ ಕಾಯಿಸ್ತಿವ್ನಿ. ಇವತ್ತು ಅದೂ ಇಲ್ಲ. ಕುಟ್ಟಾಣ ಅಂದ್ರೆ ಕೈ ಇಂಗಾಗೈತೆ. ಮಿಲ್ ಕೂಗ್ತು, ದೇವ್ರೇ ಕೂಗ್ದಂಗಾಯ್ತು, ಬಂದೆ. ತಗೊ, ಬೇಗ ಮಿಲ್ಲಿಗೆ ಬುಡು."

ಚಿಕ್ಕಣ್ಣ ನಿಧಾನವಾಗಿ ತಲೆ ಎತ್ತಿ ಕೊಳವೆ ನೋಡಿದ. ಮುಚ್ಚಳ ಬಿಸಿಲಿಗೆ ಮಿರುಗುತ್ತಿತ್ತು. ಗಳು ಅದಕ್ಕೆ ಒರಗಿಕೊಂಡೇ ಇತ್ತು. ಆಮೇಲೆ ನನ್ನ ಕಡೆ ನೋಡಿದ. ನನ್ನ ಎರಡು ಅಂಗೈಯೂ ಮಸಿ. ನಾನು ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

ಅಷ್ಟರಲ್ಲಿ ಮರಿಬಸಪ್ಪನವರು ಓಡಿಬಂದರು. ಎರಡು ಮೈಲಿಯಾಚೆ ತೋಟದಲ್ಲಿ ಕ್ಷೌರಕ್ಕೆ ಕೂತವರು ಕೂಗು ಕೇಳಿ ಎದ್ದುಬಂದಿದ್ದರು, ಒಂದು ಕೆನ್ನೆ ನುಣ್ಣಗಿತ್ತು, ಇನ್ನೊಂದರಲ್ಲಿ ನೊರೆ. ಬೇರೆ ದಿನವಾಗಿದ್ದರೆ ಆ ಕೆನ್ನೆಯನ್ನೇ ಹಿಡಿದು ನಾನು ಹದಿನೈದು ದಿನ ಕಂಪನಿಯನ್ನು ನಗಿಸುತ್ತಿದ್ದೆ.

"ಯಾವನ್ಲಾ ಕೂಗ್ಸಿದೋನು? ಪರ್ಮಿಟ್ ಕಚೇರಿಯವರು ಬಂದರೆ ಮಿಲ್ಲಿಗೆ ಬೀಗ ಬೀಳ್ತದೆ, ಗೊತ್ತೇನ್ಲಾ? ಯಾವನು?"

ನಾನು ಎಂದು ಹೇಳುವುದಕ್ಕೆ ಬಾಯಿ ತೆರೆದದ್ದು ನಿಜ. ತೆರೆದ ಬಾಯಿಂದ ಏನೂ ಬರಲಿಲ್ಲ. ಊರಿನವರ ದನಿಯನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡವನಿಗೆ ತನ್ನ ದನಿ ಸಿಗಲಿಲ್ಲ.

"ನಾನೇ ಸ್ವಾಮಿ" ಎಂದ ಚಿಕ್ಕಣ್ಣ.

"ನೀನಾ?"

"ಮೈಸೂರೋರು ಬಂದವ್ರೆ, ನಮ್ ಮಿಲ್ಲಿನ ಕೂಗು ಅವ್ರೂ ಕೇಳ್ಳಿ ಅನ್ನುಸ್ತು. ಬುದ್ಧಿ ಕೆಡ್ತು."

ಜನ ಗುಸುಗುಟ್ಟಿದರು. ಗಾಡಿಯವನು ಉಗಿದ. "ತೂ, ಚಿಕ್ಕಣ್ಣ ಅನ್ನೋ ನಂಬಿಕೆ ಮ್ಯಾಲೆ ಒಳೆ ಹಾಯ್ಕಂಡು ಬಂದ್ವಲ್ಲೋ!" ಮರಿಬಸಪ್ಪನವರು ಸಿಟ್ಟಿಗಿಂತ ದುಃಖದಲ್ಲೇ ಹೇಳಿದರು. "ನಾಳೆಯಿಂದ ನೀನು ಇಂಜಿನ್ ಮುಟ್ಟಬೇಡ. ತಕ್ಕಡಿ ಹತ್ತಿರ ಕೂತ್ಕೋ. ಬೇರೆಯವನನ್ನ ಹಾಕ್ತೀನಿ."

ಜನ ಒಬ್ಬೊಬ್ಬರೇ ಮೂಟೆ ಎತ್ತಿಕೊಂಡು ತಿರುಗಿದರು. ದ್ಯಾವಮ್ಮ ಮಾತ್ರ ಮೂಟೆಯ ಮೇಲೆ ಕೂತೇ ಇದ್ದಳು. ಚಿಕ್ಕಣ್ಣ ಕೂಲಿ ಹೆಂಗಸರ ಗುಡಿಸಲಿನಿಂದ ಎರಡು ಒನಕೆ ತಂದ. ಒಂದನ್ನು ನನ್ನ ಕೈಗೆ ಕೊಟ್ಟ. ಅಂಗಳದ ಮೂಲೆಯಲ್ಲಿ ಒರಳಿತ್ತು. ಮಿಲ್ಲಿನ ನೆರಳಿನಲ್ಲೇ ಇಬ್ಬರು ಗಂಡಸರು ಎದುರು ಬದುರು ನಿಂತು ಭತ್ತ ಕುಟ್ಟಿದೆವು. ಅವನ ಒನಕೆ ಎದ್ದಾಗ ನನ್ನದು ಬೀಳಬೇಕು. ಸದ್ದು ಕೇಳಿಸದ ಅವನು ಒಂದು ಏಟೂ ತಪ್ಪಲಿಲ್ಲ, ಕೇಳಿಸುವ ನಾನು ಮೂರು ಸಲ ಒರಳಿನ ಅಂಚಿಗೆ ಹೊಡೆದೆ. ಅರ್ಧ ಗಂಟೆಯಲ್ಲಿ ಅಂಗೈ ಬೊಬ್ಬೆ ಬಂದು ಒಡೆಯಿತು. ರಾಯರು ದೂರದಲ್ಲಿ ಪೆಟ್ಟಿಗೆಯ ಮೇಲೆ ಕೂತು, ಇದೇನು ಪದ್ಧತಿ ಎಂಬಂತೆ ನೋಡುತ್ತಿದ್ದರು.

ದ್ಯಾವಮ್ಮ ಎಡಗೈಯಲ್ಲೇ ಮೊರ ಕೊಡವುತ್ತಿದ್ದಳು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ಮೌನ ಬಂದಾಗಲೆಲ್ಲ ನಾನು ಮಾಡುತ್ತಿದ್ದದ್ದು ಒಂದೇ. ಕೆನ್ನೆ ಉಬ್ಬಿಸಿ, ಕೂಕ್, ಕೂಕ್ ಎಂದು ಮಿಲ್ಲಿನ ಹಾಗೆಯೇ ಕೂಗಿದೆ. ಮುದುಕಿ ನಗುತ್ತಾಳೆ ಎಂದುಕೊಂಡೆ. ಅವಳು ಮೊರ ನಿಲ್ಲಿಸಿ ನನ್ನ ಕಡೆ ನೋಡಿದಳು.

"ನೀನು ಕೂಗಿದ್ರೆ ನಾನು ಒಸ್ಲು ದಾಟ್ತಿರಲಿಲ್ಲ ಕಣ್ ಮಗ. ಕೂಗ್ದೋನು ಚಿಕ್ಕಣ್ಣ ಅಂತ ಬಂದೆ."

ಕುಟ್ಟುವುದು ಮುಗಿದು, ಅವಳು ನಾಲ್ಕು ಸೇರು ಅಕ್ಕಿ ಮಡಿಲಿಗೆ, ಉಳಿದ ಭತ್ತ ತಲೆಗೆ ಇಟ್ಟುಕೊಂಡು ಹೋದ ಮೇಲೆ, ನಾನು ಚಿಕ್ಕಣ್ಣನ ಮುಂದೆ ನಿಂತೆ. "ಯಜಮಾನರ ಹತ್ತಿರ ಹೋಗಿ ನಿಜ ಹೇಳಿಬಿಡ್ತೀನಿ."

ಅವನು ನನ್ನ ತುಟಿ ಓದಿ ಬೀಡಿ ಹಚ್ಚಿದ. "ಏನಂತ ಏಳ್ತೀಯ? ನೀನು ತಲೆ ಮ್ಯಾಲೆ ನಿಂತು ಮುಚ್ಚಳ ಆಕ್ದೆ, ಎಣ್ಣೆ ಮುಗಿಯೋಗಂಟ ಕೂಗ್ತು, ಪಕ್ಕದಲ್ಲೇ ಇದ್ದ ಚಿಕ್ಕಣ್ಣಂಗೆ ಕೇಳ್ಸಲಿಲ್ಲ ಅಂತಲಾ? ಸುಳ್ಳ ಅಂದ್ರೆ ತಕ್ಕಡಿ ಆದ್ರೂ ಕೊಟ್ಟವ್ರೆ. ಕಿವುಡ ಅಂದ್ರೆ ಮನೇಗೇ ಕಳಿಸ್ತಾರೆ. ಬಸ್ಸು ಬಂತು, ಓಗು."

ಹೋದೆ. ಅವನು ಹೋಗು ಎಂದದ್ದಕ್ಕೆ ಹೋದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಬಸ್ಸು ಬಂದದ್ದಕ್ಕೆ ಜೀವ ಬಂದಂತಾಗಿತ್ತು.

ಹಾಸನದಲ್ಲಿ ತಟ್ಟೆ ಹಾಕಿ ನಾಟಕ ಆಡಿದೆವು. ಪರದೆಯ ಹಿಂದಿನ ಲೌಡ್‌ಸ್ಪೀಕರಿನಲ್ಲಿ ಕೂಗು ಎದ್ದಾಗ ತಗಡಿನ ಗೋಡೆ ಅದುರಿತು. ನಾಯಕ ಸತ್ತ, ಹೆಂಗಸರು ಬಿಕ್ಕಿದರು, ಮಾಲೀಕರು ಪಕ್ಕದಿಂದ ನನ್ನ ಬೆನ್ನು ತಟ್ಟಿದರು. ಮೂರನೆಯ ಆಟಕ್ಕೆ ಹೊಳೆನರಸೀಪುರದ ಕಡೆಯವರು ಗಾಡಿ ಕಟ್ಟಿಕೊಂಡು ಬಂದಿದ್ದರು. ಕೂಗು ಶುರುವಾದ ಗಳಿಗೆಗೆ ನೆಲದಿಂದ ಒಬ್ಬ, "ಲೇ, ಇದು ಚಿಕ್ಕಣ್ಣನ ಸುಳ್ಳು ಕೂಗು ಕಣ್ಲಾ! ಭತ್ತ ತಂದೀಯೇನ್ಲಾ?" ಎಂದ. ಮತ್ತೆ ಥೇಟರು ನಕ್ಕಿತು. ಈ ಸಲ ನೆಗಡಿಯಾದದ್ದು ನನಗಲ್ಲ, ಅಲ್ಲಿ ಇರದ ಒಬ್ಬ ಮನುಷ್ಯನಿಗೆ. ಆ ಸುಗ್ಗಿ ಮುಗಿಯುವಷ್ಟರಲ್ಲಿ ಸುಳ್ಳು ಹೇಳಿದವನನ್ನು 'ಚಿಕ್ಕಣ್ಣನ ಕೂಗು' ಎನ್ನುವುದು ನಾಲ್ಕು ಊರಿನ ಮಾತಾಗಿತ್ತು. ನಮ್ಮ ಪಾತ್ರಧಾರಿಗಳೂ ಅಂದರು. ಒಂದು ಸಲ, ಅಭ್ಯಾಸಬಲ, ನಾನೂ ಅಂದೆ.

ತಟ್ಟೆ ಬಹಳ ದಿನ ಬಾಳಲಿಲ್ಲ. ಸೂಜಿ ತಿಂದು ತಿಂದು ಹದಿನೈದು ಆಟಕ್ಕೆ ಕರಕರ ಎನ್ನತೊಡಗಿತು. ಮಾಲೀಕರು, "ಏನಯ್ಯ, ಮತ್ತೆ ನೀನೇ ಮಾಡು" ಎಂದರು. ಕೆನ್ನೆ ಉಬ್ಬಿಸಿದೆ. ಗಾಳಿ ಬಂತು, ಕೂಗು ಬರಲಿಲ್ಲ. ಆ ಒಂದು ಸದ್ದು ಇವತ್ತಿಗೂ ನನ್ನ ಗಂಟಲಿಗೆ ಬಾರದು.

ಹೋದ ತಿಂಗಳು ರೈಲು ಇಳಿದು ಮಿಲ್ಲಿಗೆ ಹೋದೆನಲ್ಲ. ಮಿಲ್ಲಿಗೆ ಕರೆಂಟು ಬಂದಿದೆ. ಗೋಡೆಯ ಪಕ್ಕ ಒಂದು ಮೋಟಾರು ಗುಂಯ್ ಎನ್ನುತ್ತದೆ, ಅಷ್ಟೇ. ಕೊಳವೆ ಇಲ್ಲ, ಕೂಗೂ ಇಲ್ಲ. ಬಾಗಿಲ ಬಳಿ ತಕ್ಕಡಿ, ತಕ್ಕಡಿಯ ಹಿಂದೆ ಚಿಕ್ಕಣ್ಣ. ತಲೆ ಪೂರಾ ಬೆಳ್ಳಗಾಗಿದೆ. ಈಗ ಕಿವುಡು ಎನ್ನುವುದು ಎಲ್ಲರಿಗೂ ಗೊತ್ತು. ವಯಸ್ಸಿಗೆ ಬಂದದ್ದು ಎಂದು ಊರಿನವರ ಲೆಕ್ಕ. ಅಂಗಳದಲ್ಲಿ ಇಪ್ಪತ್ತು ಮೂವತ್ತು ಜನ ಮೂಟೆ ಇಟ್ಟುಕೊಂಡು ಕೂತಿದ್ದರು. ನನ್ನ ಮುಂದೆ ಸಾಲಿನಲ್ಲಿದ್ದ ಹೆಂಗಸೊಬ್ಬಳು ಮೂಟೆ ಇಳಿಸುತ್ತ, ಅವನ ಮುಖದ ಹತ್ತಿರ ಬಾಗಿ, "ಏನ್ ಚಿಕ್ಕಣ್ಣಾ, ಇವತ್ತು ದಿಟವಾಗ್ಲೂ ಭತ್ತ ಬುಡ್ತೀರೋ, ಇಲ್ಲ ಅವತ್ತಿನಂಗೋ?" ಎಂದಳು. ಸಾಲಿಗೆ ಸಾಲೇ ನಕ್ಕಿತು. ಇಷ್ಟು ವರ್ಷವಾದರೂ! ಚಿಕ್ಕಣ್ಣನೂ ನಕ್ಕು ಕಲ್ಲು ತಕ್ಕಡಿಗೆ ಹಾಕಿದ. ನಕ್ಕು ರೂಢಿಯಾದ ನಗು ಅದು. ನನಗೆ ಅಂಥ ನಗು ಚೆನ್ನಾಗಿ ಗೊತ್ತು.

ನನ್ನ ಸರದಿ ಬಂತು. ಮೂಟೆ ಇಲ್ಲದೆ ನಿಂತವನನ್ನು ಅವನು ಮೇಲಿಂದ ಕೆಳಗೆ ನೋಡಿದ. ಗುರುತು ಸಿಕ್ಕಿತು. ಮೊದಲು ನನ್ನ ಅಂಗೈಗಳನ್ನೇ ನೋಡಿದ. ಹೇಳಬೇಕಾದದ್ದನ್ನು ರೈಲು ಸ್ಟೇಷನ್ನಿನಿಂದ ಮಿಲ್ಲಿನವರೆಗೆ ಹತ್ತು ಸಲ ಉರು ಹೊಡೆದಿದ್ದೆ. ಆದರೆ ಹಿಂದೆ ಸಾಲು ನಿಂತಿತ್ತು, ಮುಂದೆ ಜನ ಕೂತಿದ್ದರು. ನನಗೆ ಒಂದು ಉಪಾಯ ಹೊಳೆಯಿತು. ಇವನು ತುಟಿ ಓದುತ್ತಾನಲ್ಲ! ತಕ್ಕಡಿಯ ಮೇಲೆ ಬಾಗಿ, ದನಿ ತೆಗೆಯದೆ, ಬರೀ ತುಟಿಯಲ್ಲಿ, 'ಮುಚ್ಚಳ ಹಾಕಿದ್ದು ನಾನು ಚಿಕ್ಕಣ್ಣ, ತಪ್ಪಾಯ್ತು' ಎಂದೆ.

ಅವನು ಕೊನೆಯ ಅಕ್ಷರದವರೆಗೂ ನನ್ನ ಬಾಯಿ ನೋಡಿದ. ಆಮೇಲೆ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದ:

"ಸದ್ದು ಮಾಡಿ ಏಳ್ಲಾ. ನಂಗೆ ಎಂಗೂ ಕೇಳ್ಸಾಕಿಲ್ಲ, ಇವ್ರಿಗೆ ಕೇಳ್ಸಲಿ."